ರಕ್ತ ಮಾಡುವ ಹುಡುಗ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗ ಅಡುಗೆಮನೆಗೆ ಬಂದವನೇ, ‘ತಾತ, ನಿನಗೆ ರಕ್ತ ಮಾಡೋದು ಗೊತ್ತಂತೆ?’ ಎಂದು ಕೇಳಿದ. ದೋಸೆ ಹುಯ್ಯುತ್ತಿದ್ದ ನನ್ನಾಕೆ ಸೌಟನ್ನು ಹಾಗೇ ಗಾಳಿಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ಗಂಡನ ಬಗ್ಗೆ ಹೊಸದೇನೋ ತಿಳಿಯುವುದು ಬಾಕಿ ಇದೆಯಲ್ಲ ಎಂಬ ಆಶ್ಚರ್ಯ ಅವಳ ಕಣ್ಣಿನಲ್ಲಿತ್ತು.

ವಿಷಯ ಇಷ್ಟೇ. ಅವನೂ ಅವನ ಕಾಲೇಜಿನ ನಾಲ್ಕೈದು ಗೆಳೆಯರೂ ಸೇರಿ ಮೊಬೈಲಿನಲ್ಲೇ ಹತ್ತು ನಿಮಿಷದ ಸಿನಿಮಾ ತೆಗೆಯುತ್ತಿದ್ದರು. ಕಥೆಯಲ್ಲಿ ಒಂದು ಕೊಲೆ ಇತ್ತು. ಹಿಂದಿನ ದಿನ ಟೊಮೆಟೊ ಸಾಸು ಸುರಿದು ಚಿತ್ರೀಕರಣ ಮಾಡಿದ್ದರು. ಅದನ್ನು ನನಗೂ ತೋರಿಸಿದ. ಸತ್ತ ಹುಡುಗನನ್ನು ನೋಡಿದರೆ ಯಾರೋ ಅವನ ಮೇಲೆ ಬಜ್ಜಿ ತಟ್ಟೆ ಬೋರಲು ಹಾಕಿದ ಹಾಗಿತ್ತು. ನಾನು ನಕ್ಕುಬಿಟ್ಟೆ. ‘ನಗಬೇಡ, ಹೇಳಿಕೊಡು. ನೀನು ಊರಲ್ಲಿ ನಾಟಕಕ್ಕೆ ರಕ್ತ ಮಾಡ್ತಿದ್ದೆ ಅಂತ ಅಮ್ಮ ಹೇಳಿದ್ಲು’ ಎಂದ.

ಹೌದು, ಮಾಡುತ್ತಿದ್ದೆ. ಮೂರು ವರ್ಷ ಮಾಡಿದೆ. ಮೂರನೆಯ ವರ್ಷ ಏನಾಯಿತು ಎಂಬುದನ್ನು ಮಾತ್ರ ನಾನು ಮಗಳಿಗೂ ಪೂರ್ತಿ ಹೇಳಿರಲಿಲ್ಲ.

ನಮ್ಮದು ಮಂಡ್ಯ ಸೀಮೆಯ ಒಂದು ಹಳ್ಳಿ. ಕಬ್ಬು, ಭತ್ತ ಮತ್ತು ‘ಕುರುಕ್ಷೇತ್ರ’, ಈ ಮೂರೂ ನಮ್ಮಲ್ಲಿ ತಪ್ಪದ ಬೆಳೆಗಳು. ಸುಗ್ಗಿ ಮುಗಿಯುತ್ತಲೇ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಹೊರಿಸಿಕೊಂಡು ಬಂದು ಊರಲ್ಲೇ ತಳ ಊರುತ್ತಿದ್ದರು. ಎರಡು ಮೂರು ತಿಂಗಳು ರಾತ್ರಿ ಪ್ರಾಕ್ಟೀಸು. ಹಗಲು ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವರು ರಾತ್ರಿ ಕರ್ಣ, ಶಕುನಿ, ಧರ್ಮರಾಯರಾಗುತ್ತಿದ್ದರು. ಊರಹಬ್ಬದ ರಾತ್ರಿ ಹತ್ತಕ್ಕೆ ಶುರುವಾದ ನಾಟಕ ಬೆಳಕು ಹರಿಯುವ ತನಕ ನಡೆಯುತ್ತಿತ್ತು. ಸೀನರಿ, ಕಿರೀಟ, ಜರಿಯ ಅಂಗಿಗಳು ಪಟ್ಟಣದಿಂದ ಬಾಡಿಗೆಗೆ ಬರುತ್ತಿದ್ದವು. ದ್ರೌಪದಿಯ ಪಾತ್ರದವರು ಮೈಸೂರಿನಿಂದ ಬರುತ್ತಿದ್ದರು. ಮಿಕ್ಕವರೆಲ್ಲ ನಮ್ಮವರೇ.

ಬೆಳಗಿನ ಜಾವ ಮೂರರ ಹೊತ್ತಿಗೆ, ಅರ್ಧ ಊರು ತೂಕಡಿಸುವಾಗ, ಬರುತ್ತಿದ್ದುದು ದುಶ್ಶಾಸನ ವಧೆ. ಭೀಮ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಹೊಟ್ಟೆ ಬಗೆದು, ರಕ್ತ ಕುಡಿದು, ಅದೇ ಕೈಯಿಂದ ದ್ರೌಪದಿಯ ಮುಡಿ ಕಟ್ಟುವ ಸೀನು. ಆಗ ಮಲಗಿದ್ದ ಮಕ್ಕಳನ್ನೂ ಅಲುಗಿಸಿ ಎಬ್ಬಿಸುತ್ತಿದ್ದರು. ಇಡೀ ನಾಟಕ ನೋಡದವರೂ ಈ ಸೀನಿನ ಹೊತ್ತಿಗೆ ಕಂಬಳಿ ಹೊದ್ದು ಬಂದು ನಿಲ್ಲುತ್ತಿದ್ದರು. ದುಶ್ಶಾಸನನ ಪಾತ್ರ ನನ್ನ ಚಿಕ್ಕಪ್ಪನದು. ಭೀಮನ ಪಾತ್ರ ನಮ್ಮ ಹೊಲದ ಪಕ್ಕದ ಹೊಲದವರದು. ವರ್ಷವಿಡೀ ಅದೇ ಪಾತ್ರ ಮಾಡಿ ಮಾಡಿ ಊರವರೆಲ್ಲ ಅವರನ್ನು ಭೀಮಣ್ಣ ಎಂದೇ ಕರೆಯುತ್ತಿದ್ದರು. ಇಬ್ಬರ ಹೊಲಗಳ ನಡುವೆ ಒಂದು ಬದು ಇತ್ತು. ಆ ಬದು ಪ್ರತಿ ಮಳೆಗಾಲದಲ್ಲೂ ಅರ್ಧ ಗೇಣು ಅತ್ತಲೋ ಇತ್ತಲೋ ಸರಿಯುತ್ತಿತ್ತು. ಹಾಗಾಗಿ ಎರಡೂ ಮನೆಯವರಿಗೆ ಮಾತಿರಲಿಲ್ಲ. ನಾಟಕದಲ್ಲಿ ಮಾತ್ರ ಇತ್ತು. ಅದೂ ಪದ್ಯ ಹಾಡಿಕೊಂಡು ಬಯ್ಯುವ ಮಾತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಮೇಷ್ಟ್ರು ಒಂದು ಸಂಜೆ ನನ್ನನ್ನು ಕರೆದು, ‘ನಿಮ್ಮವ್ವ ಆರತಿ ನೀರು ಚೆನ್ನಾಗಿ ಕಲಸ್ತಾಳಂತೆ. ಈ ಸಲ ರಕ್ತ ನಿಂದೇ ಕಣ್ಲಾ’ ಎಂದರು. ಅಲ್ಲಿಯವರೆಗೆ ಕುಂಕುಮ ಕಲಸಿದ ನೀರೇ ರಕ್ತ. ಎರಡು ನಿಮಿಷ ಬಿಟ್ಟರೆ ಕುಂಕುಮ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದು ನಮ್ಮ ಹೆಂಗಸರಿಗೆಲ್ಲ ಗೊತ್ತು. ಮದುವೆ ಮನೆಯಲ್ಲಿ, ಬಾಣಂತಿಗೆ ದೃಷ್ಟಿ ತೆಗೆಯುವಾಗ, ಹೊಸ ಸೊಸೆ ಹೊಸಿಲು ದಾಟುವಾಗ ಎತ್ತುವ ಆರತಿ ಅದೇ ತಾನೆ? ಅವ್ವ ಕಲಸಿಕೊಟ್ಟ ಆ ನೀರು ಲಾಂದ್ರದ ಬೆಳಕಿನಲ್ಲಿ ನಿಜಕ್ಕೂ ನೆತ್ತರಿನಂತೆಯೇ ಕಂಡಿತು. ನಾನು ಅದನ್ನು ತಂದು ಪರದೆಯ ಹಿಂದೆ ಕೈಗೆ ಸಿಕ್ಕಿದ ಒಂದು ಚೊಂಬಿಗೆ ಬಗ್ಗಿಸಿದೆ.

ಬಗ್ಗಿಸುತ್ತಿದ್ದ ಹಾಗೆಯೇ ರಕ್ತ ಹಳದಿಯಾಯಿತು!

ಪಾತ್ರಧಾರಿಗಳ ಗಂಟಲಿಗೆಂದು ಮಾಡಿಟ್ಟಿದ್ದ ನಿಂಬೆಹಣ್ಣಿನ ಶರಬತ್ತು ಆ ಚೊಂಬಿನ ತಳದಲ್ಲಿ ಉಳಿದಿತ್ತು. ಆಚೆ ಭೀಮಣ್ಣ ಆಗಲೇ ಗದೆ ತಿರುಗಿಸುತ್ತಾ ಆರ್ಭಟಿಸುತ್ತಿದ್ದರು. ನನಗೆ ಅಳು ಬಂತು. ಮೇಷ್ಟ್ರು ಎಡಗೈಯಲ್ಲಿ ಹಾರ್ಮೋನಿಯಂ ತಿದಿ ಒತ್ತುತ್ತಲೇ ತಿರುಗಿ ನೋಡಿದರು. ಬಾಯಿ ತುಂಬ ಎಲೆ ಅಡಿಕೆ. ಏನೂ ಮಾತಾಡದೆ ತಮ್ಮ ಎಲೆ ಸಂಚಿಯನ್ನು ನನ್ನ ಕಡೆಗೆ ಎಸೆದರು. ಅದರಲ್ಲಿದ್ದ ಸುಣ್ಣದ ಡಬ್ಬಿಯನ್ನು ಪೂರ್ತಿ ಕೆರೆದು ಹಾಕಿ ಕದಡಿದೆ. ರಕ್ತ ಮತ್ತೆ ಕೆಂಪಾಯಿತು. ಆದರೆ ಭೀಮಣ್ಣ ಅದನ್ನು ಬೊಗಸೆಯಲ್ಲಿ ತುಂಬಿ ಬಾಯಿಗಿಟ್ಟವರು ಆಮೇಲೆ ಎರಡು ದಿನ ಗಂಜಿ ಮಾತ್ರ ಕುಡಿದರು. ಸುಣ್ಣ ನಾಲಿಗೆಯನ್ನೆಲ್ಲ ಸುಟ್ಟಿತ್ತು. ದುಶ್ಶಾಸನನ ಮನೆಯ ಹುಡುಗ ಬೇಕೆಂತಲೇ ಮಾಡಿದ ಎಂದು ಅವರ ಮನೆಯಲ್ಲಿ ಮಾತಾಯಿತಂತೆ. ಆದರೆ ಭೀಮಣ್ಣ ನನಗೆ ಏನೂ ಅನ್ನಲಿಲ್ಲ.

ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಕೆಂಪಾಗುತ್ತದೆ, ಆಮ್ಲದಲ್ಲಿ ಮತ್ತೆ ಹಳದಿಯಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವಾಗಲೆಲ್ಲ ಆ ಚೊಂಬು ಕಣ್ಣ ಮುಂದೆ ಬರುತ್ತಿತ್ತು. ಬಟ್ಟೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದೊಡನೆ ಕೆಂಪಾಗುವುದೂ ಇದೇ ಕಾರಣಕ್ಕೆ. ಕ್ಷಾರದಲ್ಲಿ ಆ ಬಣ್ಣ ಬಹಳ ಹೊತ್ತು ನಿಲ್ಲುವುದೂ ಇಲ್ಲ. ಸಂಜೆ ಕಲಸಿದ್ದು ರಾತ್ರಿ ಕಳೆಯುವಷ್ಟರಲ್ಲಿ ಮಂಕಾಗುತ್ತದೆ. ದೃಷ್ಟಿ ತೆಗೆಯಲು ಸರಿ, ಬೆಳಗಿನ ಜಾವದ ಯುದ್ಧಕ್ಕಲ್ಲ.

ಎರಡನೆಯ ವರ್ಷ ಸುಣ್ಣವೇ ಬೇಡವೆಂದು ಸಕ್ಕರೆ ಪಾಕಕ್ಕೆ ಹೋದೆ. ಪೇಟೆಯ ಮಿಠಾಯಿ ಅಂಗಡಿಯಿಂದ ಜಿಲೇಬಿ ಬಣ್ಣ ತಂದು ಕಲಸಿದೆ. ಪಾಕ ಗಟ್ಟಿಯಾಗಿ, ನಿಧಾನವಾಗಿ, ಥೇಟ್ ರಕ್ತದಂತೆಯೇ ಇಳಿಯುತ್ತಿತ್ತು. ಆದರೆ ದೀಪದ ಎದುರು ಹಿಡಿದರೆ ಶರಬತ್ತಿನ ಹಾಗೆ ಆಚೆಯ ಬೆಳಕು ಕಾಣುತ್ತಿತ್ತು. ಇದನ್ನು ಒಂದು ಪುಗ್ಗದಲ್ಲಿ ತುಂಬಿ ಚಿಕ್ಕಪ್ಪನ ಹೊಟ್ಟೆಯ ಮೇಲೆ ಬಟ್ಟೆ ಪಟ್ಟಿಯಿಂದ ಕಟ್ಟಿದೆ. ಭೀಮಣ್ಣನ ಬೆರಳಿನ ಉಂಗುರಕ್ಕೆ ಒಂದು ಗುಂಡುಪಿನ್ನು ಸಿಕ್ಕಿಸಿದ್ದಾಯಿತು. ಬಾಡಿಗೆ ಅಂಗಿಗೆ ಕಲೆಯಾದರೆ ದಂಡ ಕಟ್ಟಬೇಕಾದ್ದರಿಂದ ಸಾಯುವ ಸೀನಿಗೆ ಮುಂಚೆ ದುಶ್ಶಾಸನನ ಜರಿಯಂಗಿ ಬಿಚ್ಚಿಸಿ ಸ್ವಂತ ಬನಿಯನ್ನಿನಲ್ಲಿ ಕಳಿಸುತ್ತಿದ್ದರು. ಕಿರೀಟ ಇದೆ, ಭುಜಕೀರ್ತಿ ಇದೆ, ನಡುವೆ ಬಿಳಿ ಬನಿಯನ್! ಅದನ್ನು ಯಾರೂ ತಪ್ಪೆಂದು ತಿಳಿದವರಲ್ಲ.

ಭೀಮಣ್ಣ ಚುಚ್ಚಿದರು. ಪಿನ್ನು ಬಾಗಿತು. ಪುಗ್ಗ ಒಡೆಯಲಿಲ್ಲ. ಮತ್ತೆ ಚುಚ್ಚಿದರು. ಈ ಸಲ ಸಣ್ಣ ತೂತು ಬಿದ್ದು ಪಾಕ ಹನಿಹನಿಯಾಗಿ ಜಿನುಗತೊಡಗಿತು. ಕೊನೆಗೆ ಕುಡಿದ ಹಾಗೆ ಮಾಡಿ ಎದ್ದರು. ದುಶ್ಶಾಸನ ಸತ್ತು ಬಿದ್ದಿದ್ದ. ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ದ್ರೌಪದಿ ಮುಡಿ ಕಟ್ಟಿಸಿಕೊಳ್ಳುತ್ತಾ ಉದ್ದನೆಯ ಹಾಡು ಹಾಡುತ್ತಿದ್ದಾಗ ಅಟ್ಟದ ಸಂದಿಯಿಂದ ಇರುವೆಗಳು ಬಂದವು. ಕೆಂಪಿರುವೆಗಳು. ಸತ್ತ ದುಶ್ಶಾಸನ ಮೊದಲು ಒಂದು ಕಾಲು ಅಲುಗಿಸಿದ, ಆಮೇಲೆ ಹೊಟ್ಟೆ ಕೆರೆದುಕೊಂಡ, ಕೊನೆಗೆ ಎದ್ದು ಕೂತೇಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ಮೈಸೂರಿನ ದ್ರೌಪದಿಯಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಓಡಿಬಂದರು.

ಚಿಕ್ಕಪ್ಪನಿಗೆ ‘ಇರುವೆ ದುಶ್ಶಾಸನ’ ಎಂಬ ಹೆಸರು ವರ್ಷ ಪೂರ್ತಿ ಅಂಟಿಕೊಂಡಿತು. ಸಂತೆಗೆ ಹೋದರೆ, ಗಾಣದ ಹತ್ತಿರ ನಿಂತರೆ, ಯಾರಾದರೊಬ್ಬರು ಹೊಟ್ಟೆ ಕೆರೆದುಕೊಂಡು ತೋರಿಸುತ್ತಿದ್ದರು. ಅವರು ನಗುತ್ತಿದ್ದರು. ಆದರೆ ಮನೆಗೆ ಬಂದು ಜಗುಲಿಯ ಮೇಲೆ ಸುಮ್ಮನೆ ಕೂರುವುದನ್ನು ನಾನು ನೋಡಿದ್ದೆ. ಇನ್ನೊಂದು ಸಲ ಹೀಗಾಗಬಾರದು ಎಂದು ನಾನು ಅಂದೇ ನಿಶ್ಚಯಿಸಿದೆ.

ಮೂರನೆಯ ವರ್ಷದ ರಕ್ತ ನನ್ನ ಹೆಮ್ಮೆಯ ಕೆಲಸ. ಪಾಕಕ್ಕೆ ಬಣ್ಣದ ಜೊತೆ ಹುರಿದ ರಾಗಿ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿದೆ. ಒಂದು ಚಮಚ ರಾಗಿ ಹಿಟ್ಟು ಬಿದ್ದದ್ದೇ ತಡ, ಬೆಳಕು ಹಾಯುವುದು ನಿಂತು ಶರಬತ್ತು ಹೋಗಿ ನೆತ್ತರಾಯಿತು. ಮೇಲೆ ನಾಲ್ಕು ಹನಿ ಕಾಫಿ ಡಿಕಾಕ್ಷನ್ ಬಿಟ್ಟೆ. ಬೆರಳಲ್ಲಿ ಅದ್ದಿ ನೋಡಿದ ಮೇಷ್ಟ್ರು ‘ಭೇಷ್’ ಎಂದರು. ಇರುವೆಗೆಂದು ಅಟ್ಟದ ಸುತ್ತ ಅರಿಶಿನ ಉದುರಿಸಿದ್ದಾಯಿತು. ಪುಗ್ಗ ಒಡೆಯುವುದೊಂದೇ ಉಳಿದಿದ್ದ ಚಿಂತೆ. ಪಿನ್ನನ್ನು ನಂಬುವಂತಿರಲಿಲ್ಲ. ನಾನು ಅಪ್ಪನ ಕ್ಷೌರದ ಡಬ್ಬಿಯಿಂದ ಒಂದು ಬ್ಲೇಡು ತೆಗೆದು, ಮುರಿದು, ಬೆರಳುಗುರಿನಷ್ಟು ತುಂಡನ್ನು ಉಂಗುರದ ಅಡಿಗೆ ದಾರದಿಂದ ಬಿಗಿಯಾಗಿ ಸುತ್ತಿದೆ. ಯಾರಿಗೂ ಹೇಳಲಿಲ್ಲ. ಉಂಗುರವನ್ನು ಭೀಮಣ್ಣನ ಬೆರಳಿಗೆ ನಾನೇ ತೊಡಿಸಿದೆ. ಅವರು ಆಗ ಪದ್ಯ ಜ್ಞಾಪಿಸಿಕೊಳ್ಳುತ್ತಾ ಕಣ್ಣು ಮುಚ್ಚಿ ನಿಂತಿದ್ದರು.

ನಾನು ಪಕ್ಕದ ಪರದೆಯ ಸಂದಿಯಲ್ಲಿ ನಿಂತೆ. ಭೀಮಣ್ಣ ಎದೆಯ ಮೇಲೆ ಕೂತರು. ಕೈ ಎತ್ತಿದರು. ಬೀಸಿದರು. ಪುಗ್ಗ ಒಂದೇ ಏಟಿಗೆ ಒಡೆಯಿತು. ಬಿಳಿ ಬನಿಯನ್ನಿನ ಮೇಲೆ ಕೆಂಪು ಹಬ್ಬಿದ್ದನ್ನು ಕಂಡು ಜನ ‘ಹೋ’ ಎಂದು ಕೂಗಿದರು. ಚಿಕ್ಕಪ್ಪ ಕಿರುಚಿದರು. ಆ ಕಿರುಚಾಟಕ್ಕೆ ಮುಂದಿನ ಸಾಲಿನ ಮಕ್ಕಳು ಅಳತೊಡಗಿದವು. ‘ಒನ್ಸ್ ಮೋರ್’ ಎಂದರು ಹಿಂದಿನಿಂದ. ಯಾರೋ ಐದು ರೂಪಾಯಿಯ ನೋಟನ್ನು ಬನಿಯನ್ನಿಗೆ ಪಿನ್ನು ಚುಚ್ಚಿ ಹೋಗಲು ಅಟ್ಟ ಹತ್ತಿಯೇಬಿಟ್ಟರು. ಈ ಸಲ ಪಾತ್ರ ಕಳೆಗಟ್ಟಿತು ಎಂದು ಹುರುಪುಗೊಂಡ ಭೀಮಣ್ಣ ಇನ್ನೊಮ್ಮೆ ಕೈ ಬೀಸಿದರು.

ಪುಗ್ಗದಲ್ಲಿ ಹಿಡಿದಿದ್ದುದು ಕಾಲು ಪಾವು ಪಾಕ. ಅದನ್ನು ಅಳೆದು ತುಂಬಿದವನು ನಾನು. ಅಟ್ಟದ ಹಲಗೆಯ ಮೇಲೆ ಹರಿಯುತ್ತಿದ್ದುದು ಅದಕ್ಕಿಂತ ಹೆಚ್ಚಿತ್ತು. ನನ್ನ ಪಾಕ ಇಳಿಯುವುದು ನಿಧಾನ. ಇದು ಬೇಗ ಬೇಗ ಇಳಿಯುತ್ತಿತ್ತು. ನನ್ನ ಕೆಂಪಿನ ನಡುವೆ ಇನ್ನೊಂದು ಕೆಂಪು, ಹೆಚ್ಚು ಕಪ್ಪಗೆ, ಹೊಳಪಿಲ್ಲದೆ ಬರುತ್ತಿತ್ತು. ನಾನು ಮಾಡಿದ್ದಕ್ಕಿಂತ ಅದು ರಕ್ತದ ಹಾಗೆ ಕಾಣುತ್ತಲೇ ಇರಲಿಲ್ಲ. ಆ ಸಾವಿರ ಜನರಲ್ಲಿ ಅದು ಯಾವುದು, ಇದು ಯಾವುದು ಎಂದು ಗುರುತಿಸಬಲ್ಲವನು ನಾನೊಬ್ಬನೇ. ಅದನ್ನು ನೆನೆದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ.

ಚಿಕ್ಕಪ್ಪ ‘ಸಾಕು, ಬಿಡೋ, ಸಾಕು’ ಎನ್ನುತ್ತಿದ್ದರು. ದುಶ್ಶಾಸನ ಬೇರೇನು ಹೇಳುತ್ತಾನೆ? ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಗಂಟಲು ಕಟ್ಟಿತ್ತು. ಹೋಗಿ ಮೇಷ್ಟ್ರ ತೋಳು ಹಿಡಿದು ಜಗ್ಗಿದೆ. ಹಾರ್ಮೋನಿಯಂ ಒಂದು ಕೂಗು ಕೂಗಿ ನಿಂತಿತು. ‘ನಿಜವಾದ್ದು, ಮೇಷ್ಟ್ರೇ’ ಎಂದೆ. ಅವರು ಎರಡನೇ ಮಾತು ಕೇಳಲಿಲ್ಲ. ಎದ್ದು ನಿಂತು ‘ಪರದೆ ಬಿಡ್ರೋ’ ಎಂದು ಕೂಗಿದರು.

ಟ್ರ್ಯಾಕ್ಟರಿನ ಹಿಂದೆ ಹುಲ್ಲು ಹಾಸಿ ಚಿಕ್ಕಪ್ಪನನ್ನು ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದರು. ಹನ್ನೊಂದು ಹೊಲಿಗೆ ಬಿತ್ತು. ಗಾಯ ಉದ್ದವಿತ್ತು, ಪುಣ್ಯಕ್ಕೆ ಆಳವಿರಲಿಲ್ಲ. ತೊಳೆದಷ್ಟೂ ಕೆಂಪು ಬರುವುದನ್ನೂ ಕೈಗೆ ಅಂಟುವುದನ್ನೂ ನೋಡಿ ಡಾಕ್ಟರು, ‘ಇದೇನ್ರಯ್ಯಾ, ಗಾಯಕ್ಕೆ ಸಕ್ಕರೆ ಹಚ್ಕೊಂಡು ಬಂದಿದ್ದೀರಾ?’ ಎಂದರಂತೆ. ಎಲ್ಲಿ ಕೊಯ್ದಿದೆ ಎಂದು ಹುಡುಕುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತಂತೆ.

ಬೆಳಗಾಗುವುದರೊಳಗೆ ಊರಲ್ಲಿ ಬೇರೆಯೇ ನಾಟಕ ಶುರುವಾಗಿತ್ತು. ಬದುವಿನ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ. ‘ವೇಷದಲ್ಲಿ ಸೇಡು ತೀರಿಸ್ಕೊಂಡ’ ಎಂದರು ಕೆಲವರು. ನಮ್ಮ ಅಪ್ಪ ಮತ್ತು ಅಣ್ಣಂದಿರು ಕೋಲು ಹಿಡಿದು ಹೊರಟವರನ್ನು ಅಜ್ಜಿ ಬಾಗಿಲಲ್ಲಿ ಅಡ್ಡ ಮಲಗಿ ತಡೆದಳು. ಭೀಮಣ್ಣ ದೇವಸ್ಥಾನದ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು, ತಾನೇನೂ ಮಾಡಿಲ್ಲ ಎಂದು ಆಣೆ ಇಟ್ಟರು. ಅವರ ಮಾತನ್ನು ಅರ್ಧ ಜನ ನಂಬಿದರು, ಅರ್ಧ ಜನ ನಂಬಲಿಲ್ಲ. ನಾನು ಜನರ ಕಾಲುಗಳ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಬಾಯಿ ಬಿಡಲಿಲ್ಲ.

ಎರಡು ದಿನ ಬಿಡಲಿಲ್ಲ. ಊಟ ಸೇರಲಿಲ್ಲ, ಅಷ್ಟೆ. ಚಿಕ್ಕಪ್ಪನ ಮೇಲಿನ ಪ್ರೀತಿಗೆ ಹುಡುಗ ಹೀಗೆ ಸೊರಗಿದ್ದಾನೆ ಎಂದು ಅವ್ವ ಎಲ್ಲರೊಡನೆ ಹೇಳುತ್ತಿದ್ದಳು. ಅದನ್ನು ಕೇಳುವುದು ಹೊಡೆಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಮೂರನೇ ದಿನ ಮೇಷ್ಟ್ರು ಊರು ಬಿಡಲು ಗಂಟು ಕಟ್ಟುತ್ತಿದ್ದರು. ನನ್ನನ್ನು ಕರೆದು ಎಲೆ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದರು. ಅದರ ಮುಚ್ಚಳದಲ್ಲಿ ದಾರ ಸುತ್ತಿದ ಬ್ಲೇಡಿನ ತುಂಡಿತ್ತು. ಅಂದು ರಾತ್ರಿಯೇ ಭೀಮಣ್ಣನ ಬೆರಳಿನಿಂದ ಉಂಗುರ ಕಳಚಿ ಇಟ್ಟುಕೊಂಡಿದ್ದರು. ‘ನಾನು ಹೇಳ್ಬೋದಿತ್ತು ಕಣ್ಲಾ. ನೀನು ಹೇಳ್ತೀಯೇನೋ ಅಂತ ಕಾದೆ. ಇವತ್ತು ಬಸ್ ಹತ್ತಬೇಕು’ ಎಂದರು. ಗದರಲೂ ಇಲ್ಲ.

ನಾನು ಚಿಕ್ಕಪ್ಪನ ಮಂಚದ ಹತ್ತಿರ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಸೂರು ನೋಡುತ್ತಾ ಮಲಗಿದ್ದರು. ಹೊಡೆಯುತ್ತಾರೆ ಎಂದು ನಾನು ಕಾದಿದ್ದೆ. ಅವರು ನಿಧಾನವಾಗಿ ಎದ್ದು, ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲೆ ಊರಿ, ‘ನಡಿ’ ಎಂದರು. ನಾವಿಬ್ಬರೂ ಬೀದಿಯಲ್ಲಿ ನಡೆದು ಭೀಮಣ್ಣನ ಮನೆಗೆ ಹೋದೆವು. ನಾಲ್ಕು ವರ್ಷದಿಂದ ನಮ್ಮ ಮನೆಯವರು ಯಾರೂ ತುಳಿಯದ ಹೊಸಿಲು ಅದು. ಜಗುಲಿಯ ಮೇಲೆ ಕೂತಿದ್ದ ಭೀಮಣ್ಣ ಎದ್ದು ನಿಂತರು. ಚಿಕ್ಕಪ್ಪ ‘ಹೇಳು’ ಎಂದರು. ಹೇಳಿದೆ. ಅಕ್ಕಪಕ್ಕದ ಮನೆಯವರೂ ಕೇಳುವ ಹಾಗೆ ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ.

ಭೀಮಣ್ಣನ ಕಣ್ಣಲ್ಲಿ ನೀರು ಬಂತು. ಆದರೆ ಅವರು ಆಡಿದ ಮಾತು ಇಷ್ಟೇ: ‘ನಾನೂ ನೋಡ್ಕೋಬೇಕಾಗಿತ್ತು ಕಣಪ್ಪ. ವೇಷ ಭೀಮಂದು. ಬೆರಳು ನಂದೇ ತಾನೆ?’

ಆ ದಿನದಿಂದ ಎರಡೂ ಮನೆ ಒಂದಾದವು ಎಂದು ಬರೆದರೆ ಓದುಗರಿಗೆ ಹಿತವಾಗಿರುತ್ತದೆ. ಹಾಗೇನೂ ಆಗಲಿಲ್ಲ. ಬದುವಿನ ವ್ಯಾಜ್ಯ ಕೋರ್ಟಿನಲ್ಲಿ ಇನ್ನೂ ಒಂಬತ್ತು ವರ್ಷ ನಡೆಯಿತು. ಆದರೆ ಮುಂದಿನ ವರ್ಷವೂ ಅವರೇ ಭೀಮ, ಇವರೇ ದುಶ್ಶಾಸನ. ಕೋರ್ಟಿನ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು ಎಂಬುದನ್ನೂ ಹೇಳಬೇಕು.

ಆ ಮುಂದಿನ ವರ್ಷ ಮೇಷ್ಟ್ರು ಎರಡು ಕಟ್ಟಳೆ ಮಾಡಿದರು. ಒಂದು, ಚೂಪಾದದ್ದು ಯಾವುದೂ ಅಟ್ಟ ಹತ್ತಕೂಡದು. ಪುಗ್ಗದ ಬದಲು ರಕ್ತದಲ್ಲಿ ನೆನೆಸಿದ ಸ್ಪಂಜನ್ನು ಪಟ್ಟಿಯೊಳಗೆ ಇಟ್ಟರು. ಒತ್ತಿದರೆ ಸಾಕು, ಬೇಕಾದಷ್ಟು ಬರುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಇಷ್ಟು ಸುಲಭದ ಉಪಾಯ ಮೊದಲೇ ಯಾರಿಗೂ ಹೊಳೆದಿರಲಿಲ್ಲ. ಎರಡನೆಯದು ಮಾತಿನ ಕಟ್ಟಳೆ. ‘ಅಯ್ಯೋ, ಸತ್ತೆ, ಬಿಡು ಅಂತ ಎಲ್ಲಾ ಪಾರ್ಟಲ್ಲೂ ಬರುತ್ತೆ. ನಿಜವಾಗಿ ಪೆಟ್ಟಾದ್ರೆ ಮೇಷ್ಟ್ರೇ ಅನ್ನಿ. ಮಹಾಭಾರತದಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಲ್ಲ. ಆ ಮಾತು ಕಿವಿಗೆ ಬಿದ್ದರೆ ಪರದೆ ಬಿಡ್ತೀನಿ’ ಎಂದರು. ನಾನು ಆಮೇಲೆ ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆಯ ಉಪಾಯ ಕಾಣಲಿಲ್ಲ.

ರಕ್ತದ ಹುಚ್ಚು ಮಾತ್ರ ನನ್ನನ್ನು ಬಿಡಲಿಲ್ಲ. ಮಾಡುವುದು ಬಿಟ್ಟೆ, ಅದರ ಬಗ್ಗೆ ಓದುವುದು ಬಿಡಲಿಲ್ಲ. ನಮ್ಮ ದುಶ್ಶಾಸನನಿಗೆ ಕೇರಳದ ಕಥಕಳಿಯಲ್ಲೂ ಬಿಡುಗಡೆಯಿಲ್ಲ. ‘ದುರ್ಯೋಧನ ವಧಂ’ ಆಟದಲ್ಲಿ ರೌದ್ರಭೀಮ ಅವನ ಕರುಳು ಬಗೆದು ರಕ್ತ ಕುಡಿಯುತ್ತಾನೆ. ಪ್ಯಾರಿಸ್ಸಿನಲ್ಲಿ ಗ್ರಾಂ ಗಿನ್ಯೋಲ್ ಎಂಬ ರಂಗಮಂದಿರ 1897ರಿಂದ 1962ರವರೆಗೆ ಇಂಥ ಭಯಾನಕ ನಾಟಕಗಳಿಗೇ ಮೀಸಲಾಗಿತ್ತು. ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರದ ಸ್ನಾನದ ಮನೆಯ ಕೊಲೆಯಲ್ಲಿ ಹರಿಯುವುದು ರಕ್ತವಲ್ಲ, ಚಾಕೊಲೇಟ್ ಸಿರಪ್. ಕಪ್ಪುಬಿಳುಪು ಚಿತ್ರವಾದ್ದರಿಂದ ಬಣ್ಣ ಹೇಗಿದ್ದರೂ ನಡೆಯುತ್ತಿತ್ತು, ಹರಿಯುವ ರೀತಿ ಸರಿಯಿದ್ದರೆ ಸಾಕಿತ್ತು. ಇಂಗ್ಲೆಂಡಿನಲ್ಲಿ ಜಾನ್ ಟೈನ್‌ಗೇಟ್ ಎಂಬ ನಿವೃತ್ತ ಔಷಧ ತಯಾರಕರು ಮಾಡಿದ ಕೃತಕ ರಕ್ತಕ್ಕೆ ‘ಕೆನ್ಸಿಂಗ್‌ಟನ್ ಗೋರ್’ ಎಂದು ಹೆಸರು. ಅದು ಲಂಡನ್ನಿನ ಒಂದು ಬೀದಿಯ ಹೆಸರೂ ಹೌದು. ‘ಗೋರ್’ ಎಂದರೆ ಇಂಗ್ಲಿಷಿನಲ್ಲಿ ನೆತ್ತರು ಎಂಬ ಅರ್ಥವೂ ಇದೆ.

ಈ ವಿದ್ಯೆಯ ದೊಡ್ಡ ಗುರು ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್. ‘ಗಾಡ್‌ಫಾದರ್’ (1972), ‘ಎಕ್ಸಾರ್ಸಿಸ್ಟ್’ (1973), ‘ಟ್ಯಾಕ್ಸಿ ಡ್ರೈವರ್’ (1976) ಚಿತ್ರಗಳ ಮೇಕಪ್ ಅವರದು. ಅವರ ರಕ್ತದ ಮೂಲವೂ ಸಿಹಿಯೇ: ಮುಸುಕಿನ ಜೋಳದ ಸಿರಪ್, ಅದಕ್ಕೆ ಕೆಂಪು ಮತ್ತು ಹಳದಿ ತಿಂಡಿ ಬಣ್ಣ. ಬಟ್ಟೆಯಲ್ಲಿ ಚೆನ್ನಾಗಿ ಇಂಗಲೆಂದು ಫೋಟೋ ತೊಳೆಯುವ ಒಂದು ದ್ರವವನ್ನೂ ಸೇರಿಸುತ್ತಿದ್ದರು. ಅದು ವಿಷ, ಬಾಯಿಗೆ ಹಾಕುವಂತಿರಲಿಲ್ಲ. ‘ಟ್ಯಾಕ್ಸಿ ಡ್ರೈವರ್’ ಚಿತ್ರದ ಕೊನೆಯ ಗುಂಡಿನ ಕಾಳಗದ ಕೆಂಪು ಸೆನ್ಸಾರಿನವರಿಗೆ ಅತಿಯೆನಿಸಿದ್ದರಿಂದ ನಿರ್ದೇಶಕ ಸ್ಕೋರ್ಸೆಸೆ ಆ ಭಾಗದ ಬಣ್ಣವನ್ನೇ ಮಂಕು ಮಾಡಬೇಕಾಯಿತು. ಈಗ ಎಷ್ಟೋ ಕಡೆ ಪಾಕವೂ ಬೇಡ, ಬಣ್ಣವೂ ಬೇಡ. ‘ಝೋಡಿಯಾಕ್’ (2007) ಚಿತ್ರದ ರಕ್ತವನ್ನು ಕಂಪ್ಯೂಟರಿನಲ್ಲೇ ಬರೆದರು. ಬಟ್ಟೆ ಒಗೆಯುವ ಗೋಜಿಲ್ಲ.

ನಿಜವಾದ ರಕ್ತವನ್ನು ಹೋಲುವುದು ಏಕೆ ಇಷ್ಟು ಕಷ್ಟ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದು ಬಣ್ಣದ ನೀರಲ್ಲ, ಅದರ ತುಂಬ ತೇಲುವ ಕೆಂಪು ಕಣಗಳು. ಅದಕ್ಕೇ ಆರಪಾರ ಕಾಣುವುದಿಲ್ಲ. ಆಮ್ಲಜನಕ ಹೊತ್ತ ರಕ್ತ ಹೊಳೆಯುವ ಕೆಂಪು, ಇಳಿಸಿ ಬಂದ ರಕ್ತ ಕಪ್ಪುಗೆಂಪು. ಗಾಳಿಗೆ ಒಣಗಿದರೆ ಕಂದು. ಹೀಗೆ ಗಳಿಗೆಗೊಂದು ಬಣ್ಣವಾಗುವುದನ್ನು ಒಂದೇ ಬಟ್ಟಲಿನಲ್ಲಿ ಹಿಡಿಯುವುದಾದರೂ ಹೇಗೆ? ಅದಕ್ಕೆ ರಂಗದವರೂ ಸಿನಿಮಾದವರೂ ನಿಜಕ್ಕಿಂತ ಒಂದು ಪಾಲು ಹೆಚ್ಚು ಕೆಂಪಾಗಿಸುತ್ತಾರೆ. ನೋಡಿ ನೋಡಿ ನಮ್ಮ ಕಣ್ಣಿಗೂ ಅದೇ ಅಭ್ಯಾಸವಾಗಿದೆ. ಎದುರಿಗೆ ನಿಜವಾದ ನೆತ್ತರು ಹರಿದಾಗ ಸಾವಿರ ಜನ ‘ಒನ್ಸ್ ಮೋರ್’ ಎಂದದ್ದನ್ನು ನಾನೇ ಕಂಡಿದ್ದೇನಲ್ಲ.

ಮೊಮ್ಮಗನಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಲಿಲ್ಲ. ಮೊದಲು ಪಾಕ ಮಾಡಿದೆವು. ಒಂದು ಲೋಟ ಸಕ್ಕರೆಗೆ ಅರ್ಧ ಲೋಟ ನೀರು. ಎಳೆ ಬರುವುದಕ್ಕೆ ಸ್ವಲ್ಪ ಮುಂಚೆಯೇ ಇಳಿಸಿ ನಾಲ್ಕು ಹನಿ ನಿಂಬೆರಸ ಹಿಂಡಿದೆ. ಇಲ್ಲದಿದ್ದರೆ ಆರಿದ ಮೇಲೆ ಹರಳುಗಟ್ಟುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಮುಂದಿನ ಕೆಲಸ, ಬಿಸಿ ಪಾಕ ಮೈಗೆ ಬಿದ್ದರೆ ಬೊಬ್ಬೆ ಬರುತ್ತದೆ. ತಿಂಡಿಗೆ ಹಾಕುವ ಕೆಂಪು ಬಣ್ಣ ಒಂದು ಚಮಚ, ಹಸಿರು ಒಂದೇ ಒಂದು ಹನಿ. ಹಸಿರೇಕೆ ಎಂದು ಅವನಿಗೆ ಆಶ್ಚರ್ಯ. ಬಿದ್ದ ಕೂಡಲೇ ಜಿಲೇಬಿಯ ಕಳೆ ಇಳಿದದ್ದನ್ನು ನೋಡಿ ಸುಮ್ಮನಾದ. ಮಂದವಾಗಲು ಕೋಕೋ ಪುಡಿ ಹಾಕೆಂದು ಎಲ್ಲರೂ ಹೇಳುತ್ತಾರೆ. ನಾನು ಡಬ್ಬದಿಂದ ರಾಗಿ ಹಿಟ್ಟು ತೆಗೆದೆ. ‘ರಾಗಿನಾ!’ ಎಂದು ಅವನು ನಕ್ಕ. ಮಂಡ್ಯದವರ ರಕ್ತ ರಾಗಿಯಿಲ್ಲದೆ ಆಗುತ್ತದೆಯೇ ಎಂದೆ.

ಬಟ್ಟೆಗೆ ಸುರಿಯುವ ಪಾಲಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ನಾಲ್ಕು ಹನಿ ಸೇರಿಸಿ ಬೇರೆ ಬಾಟಲಿಗೆ ಹಾಕಿ ‘ಬಾಯಿಗಲ್ಲ’ ಎಂದು ಚೀಟಿ ಅಂಟಿಸಿದೆ. ಕಲೆ ಬೇಗ ಬಿಡಲು ಅದು ಸಹಾಯ. ಒಗೆಯುವುದು ತಣ್ಣೀರಿನಲ್ಲಿ. ಕಣ್ಣಿನ ಹತ್ತಿರ ಯಾವುದನ್ನೂ ತರಕೂಡದು. ಯಾರ ಮೈಗೆ ಹಚ್ಚುವುದಿದ್ದರೂ ಮೊದಲು ಮುಂಗೈಗೆ ಚೂರು ಹಚ್ಚಿ ಅರ್ಧ ಗಂಟೆ ಕಾಯಬೇಕು.

ಸಂಜೆ ತಾರಸಿಯ ಮೇಲೆ ಚಿತ್ರೀಕರಣ. ಕೊಲೆಗಾರ ಹುಡುಗ ಚಾಕು ಹಿಡಿದು ನಿಂತಿದ್ದ. ನಾನು ಮೆಟ್ಟಿಲು ಹತ್ತಿ ಹೋಗಿ ಚಾಕು ಈಸಿಕೊಂಡು ಬಾಯಿಯನ್ನು ಬೆರಳಿಂದ ಸವರಿ ನೋಡಿದೆ. ನನ್ನಾಕೆಯ ತರಕಾರಿ ಚಾಕು! ‘ಶಾಟ್ ದೂರದಿಂದ ತಾತ, ಏನೂ ಆಗಲ್ಲ’ ಎಂದರು ಎಲ್ಲರೂ. ಅವರನ್ನೆಲ್ಲ ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿಸಿ ಆ ರಾತ್ರಿಯ ಕಥೆ ಹೇಳಿದೆ. ಇರುವೆಯ ಭಾಗಕ್ಕೆ ಬಿದ್ದು ಬಿದ್ದು ನಕ್ಕರು. ಬ್ಲೇಡಿನ ಭಾಗಕ್ಕೆ ಸುಮ್ಮನಾದರು. ಎರಡು ದಿನ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಹೇಳಲು ಐವತ್ತು ವರ್ಷ ಬೇಕಾಯಿತಲ್ಲ ಎಂದು ನನಗೇ ನಾಚಿಕೆಯಾಯಿತು. ಕಥೆ ಮುಗಿದ ಮೇಲೆ ಮೊಮ್ಮಗ ಹೋಗಿ ರಟ್ಟು ಕತ್ತರಿಸಿ, ಬೆಳ್ಳಿ ಕಾಗದ ಸುತ್ತಿ ಹೊಸ ಚಾಕು ಮಾಡಿಕೊಂಡ. ಶರ್ಟಿನೊಳಗೆ ಸ್ಪಂಜು ಇಟ್ಟರು.

ಮೂರನೆಯ ಸಲ ತೆಗೆಯುವಾಗ ಸಾಯುವ ಹುಡುಗ ಗೋಡೆಗೆ ಒರಗಿ ಕೆಳಕ್ಕೆ ಜಾರಿದವನು ಇದ್ದಕ್ಕಿದ್ದಂತೆ ‘ಮೇಷ್ಟ್ರೇ!’ ಎಂದ. ಎಲ್ಲರೂ ಮೊಬೈಲು ಬಿಟ್ಟು ಓಡಿದರು. ಗೋಡೆಯಿಂದ ಎದ್ದ ಒಂದು ಕಂಬಿ ಅವನ ಮೊಣಕೈ ತರಚಿತ್ತು. ಹೆಚ್ಚೇನೂ ಇಲ್ಲ, ಎರಡು ಹನಿ. ಅವನ ಶರ್ಟಿನ ತುಂಬ ನಾವು ಮಾಡಿದ ರಕ್ತ ಧಾರಾಳವಾಗಿ ಇಳಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಐದು ತಲೆಗಳೂ ಆ ಎರಡು ಹನಿಯ ಮೇಲೆ ಬಗ್ಗಿದ್ದವು.

ಕೆಳಗೆ ಬಂದು ಅರಿಶಿನ ತೆಗೆದುಕೊಂಡು ಹೋದೆ. ಅವನ ಗಾಯಕ್ಕೆ ಚಿಟಿಕೆ ಹಚ್ಚಿ, ಉಳಿದದ್ದನ್ನು ತಾರಸಿಯ ಸುತ್ತ ಉದುರಿಸಿದೆ. ಇರುವೆಗಳು ಅಷ್ಟರಲ್ಲಾಗಲೇ ಬಂದಿದ್ದವು.